ಟವೆಲಿನ ಕೆಳಗೆ ಕೇಳಿದ ಬೆಲೆ

ಶ್ರೀನಿವಾಸಪುರದ ಮಾವಿನ ಮಂಡಿಯ ದಲ್ಲಾಳಿ ಅವರು. ಟವೆಲಿನ ಕೆಳಗೆ ವ್ಯಾಪಾರಿಗಳ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದರು; ಹಿಡಿದ ಬೆರಳೆಷ್ಟೋ ಬೆಲೆ ಅಷ್ಟು. ಬಿಡುವಿದ್ದಾಗ ಪದ್ಯ ಬರೆಯುತ್ತಿದ್ದರು. “ಬಾಯಿ ಸುಳ್ಳಾಡ್ತದೆ ಮೇಷ್ಟ್ರೇ, ಬೆರಳು ಆಡಲ್ಲ” ಎಂದು ನನಗೆ ಹೇಳುತ್ತಲೇ ಇದ್ದರು.

ಎಪ್ಪತ್ತರ ದಶಕದ ಕೊನೆಯಿರಬೇಕು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ರಾಜ್ಯಮಟ್ಟದ ಸ್ಪರ್ಧೆಯೊಂದರಲ್ಲಿ ಅವರ ಪದ್ಯ ಗೆದ್ದಿದೆಯೆಂದು ಕಾಗದ ಬಂತು. ಗೆದ್ದ ಪದ್ಯಗಳ ಸಂಕಲನದ ಪ್ರತಿಗಳನ್ನು ಕೊಂಡವರಿಗೆ ಮಾತ್ರ ಸನ್ಮಾನವಂತೆ. ಕೊಂಡರು. ನನ್ನನ್ನೂ ಕೋಲಾರಕ್ಕೆ ಕರೆದೊಯ್ದರು.

ಸಭಾಂಗಣದ ತುಂಬ ಗೆದ್ದವರೇ! ಶಾಲು ಮಾತ್ರ ಒಂದೇ. ಒಬ್ಬರಿಗೆ ಹೊದಿಸಿ, ಫೋಟೊ ತೆಗೆದು, ಅದನ್ನೇ ಎಳೆದು ಮುಂದಿನವರಿಗೆ ಹೊದಿಸುತ್ತಿದ್ದರು. ನಮ್ಮ ದಲ್ಲಾಳಿ ತಮ್ಮ ಸರದಿ ಬಂದಾಗ ವೇದಿಕೆಯಲ್ಲಿ ನಿಂತು ಸಂಘಟಕನನ್ನು ಕೇಳಿದರು: “ನನ್ನ ಪದ್ಯದಲ್ಲಿ ಯಾವ ಸಾಲು ಹಿಡಿಸ್ತು ಸಾರ್?”

“ಎಲ್ಲಾ ಚೆನ್ನಾಗಿದೆ, ಬೇಗ ಇಳೀರಿ” ಎಂದ ಆತ, ಶಾಲು ಕಿತ್ತುಕೊಳ್ಳುತ್ತಾ. ಓದಿಯೇ ಇರಲಿಲ್ಲ, ನಾಚಿಕೆಗೆಟ್ಟವನು!

ವಾಪಸು ಬರುವ ಬಸ್ಸಿನಲ್ಲಿ ಅವರು ಸಂಕಲನವನ್ನು ನನ್ನ ತೊಡೆಯ ಮೇಲಿಟ್ಟು, ನಮ್ಮಿಬ್ಬರ ಕೈಗಳ ಮೇಲೆ ಟವೆಲ್ ಹಾಸಿದರು. “ನೀವು ಎಂ.ಎ. ಓದಿದೋರು. ನನ್ನ ಪದ್ಯ ಎಷ್ಟಕ್ಕೆ ಬಾಳ್ತದೆ? ಬಾಯಲ್ಲಿ ಬೇಡ, ಹಿಡಿದು ಹೇಳಿ.”

ನಿಧಾನವಾಗಿ ಓದಿದೆ. ಮತ್ತೆ ಓದಿದೆ. ಆಮೇಲೆ ಅವರ ಬೆರಳು ಹಿಡಿದೆ. ಎಷ್ಟು ಬೆರಳೆಂದು ಈಗ ಆಣೆ ಮಾಡಲಾರೆ. ಅವರ ಮಾತು ಮಾತ್ರ ಕಿವಿಯಲ್ಲಿದೆ:

“ಕಮ್ಮಿನೇ ಆಯ್ತು ಮೇಷ್ಟ್ರೇ. ಆದ್ರೂ ನೀವು ಓದಿದ್ರಿ.”