ಸೋಮವಾರದ ದಾಸವಾಳ

ಇವತ್ತು ಬೆಳಿಗ್ಗೆ ಇಸ್ತ್ರಿಗೆ ಕೊಡುವ ಬಟ್ಟೆ ವಿಂಗಡಿಸುವಾಗ ಆ ಕರ್ಚೀಫು ಮತ್ತೆ ಕೈಗೆ ಸಿಕ್ಕಿತು. ಬಿಳಿ ಬಟ್ಟೆ, ಮೂಲೆಯಲ್ಲಿ ಲೇಜಿ ಡೇಸಿ ಹೊಲಿಗೆಯ ಒಂದು ನೀಲಿ ಹೂವು, ನಟ್ಟನಡುವೆ ಅಂಗೈಯಗಲದ ಹಸಿರುಗಂದು ಕಲೆ. ಸೋಪು, ನಿಂಬೆಹಣ್ಣು, ಬ್ಲೀಚು, ಬಿಸಿಲು ಎಲ್ಲ ಆಯಿತು, ಕಲೆ ಜಗ್ಗಲಿಲ್ಲ. ಲೇಡಿ ಅನ್ನಿಸಿಕೊಂಡವಳ ಹ್ಯಾಂಡ್‌ಬ್ಯಾಗಿನಲ್ಲಿ ಸದಾ ಒಂದು ಸ್ವಚ್ಛವಾದ ಕರ್ಚೀಫ್ ಇರಬೇಕು ಎಂದು ನಮ್ಮ ಕಾನ್ವೆಂಟಿನಲ್ಲಿ ಹೇಳಿಕೊಟ್ಟಿದ್ದರು. ಅದರಲ್ಲಿ ಕದ್ದ ಮಾಲು ಕಟ್ಟಿಕೊಂಡು ಬರುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅದನ್ನು ನಾನು ಎಪ್ಪತ್ತು ದಾಟಿದ ಮೇಲೆ, ಸಾಲಿಗ್ರಾಮದ ಒಂದು ಹಿತ್ತಲಿನಲ್ಲಿ, ಸ್ವಂತವಾಗಿ ಕಲಿತೆ.

ನಮ್ಮ ಹುಣಸೂರಿನ ಲೇಡೀಸ್ ಕ್ಲಬ್ಬಿನವರು ಪ್ರತಿ ಬೇಸಿಗೆ ಒಂದು ಫ್ಲವರ್ ಫೆಸ್ಟಿವಲ್ ಮಾಡುತ್ತಾರೆ. ಹೆಸರು ಕೇಳಿ ಮೋಸ ಹೋಗಬೇಡಿ. ಒಂದು ವ್ಯಾನು, ಅದರ ತುಂಬ ಹೆಂಗಸರು, ಒಂದು ದಿನ, ಕೆಲವು ಮನೆಗಳ ತೋಟ. ನೋಡಿ, ಮೆಚ್ಚಿ, ಮಾರ್ಕ್ಸ್ ಹಾಕಿ ಬರುವುದು. ಆದರೆ ನಮ್ಮ ಕಡೆ ಯಾರ ಮನೆಯ ತೋಟವನ್ನೂ ತೋಟ ಎಂದು ನೋಡಲು ಸಾಧ್ಯವೇ ಇಲ್ಲ. ಗೇಟು ದಾಟಿದ ಕೂಡಲೇ ಮನೆಯವರು ಅಯ್ಯೋ ಬಿಸಿಲು, ಬಿಸಿಲು ಎಂದು ಒಳಗೆ ಎಳೆದುಕೊಳ್ಳುತ್ತಾರೆ. ಫ್ಯಾನಿನ ಕೆಳಗೆ ಕೂರಿಸಿ ಉಪ್ಪಿಟ್ಟು ಕೊಡುತ್ತಾರೆ. ಉಪ್ಪಿಟ್ಟಿನ ಹಿಂದೆ ಕಾಫಿ, ಕಾಫಿಯ ಹಿಂದೆ ಮಗಳ ಮದುವೆಯ ಆಲ್ಬಮ್ಮು, ಕೊನೆಗೆ ಅರಿಶಿನ ಕುಂಕುಮ. ಅಷ್ಟು ಹೊತ್ತಿಗೆ ವ್ಯಾನಿನ ಡ್ರೈವರು ಹಾರ್ನ್ ಹೊಡೆಯುತ್ತಿರುತ್ತಾನೆ. ಚಪ್ಪಲಿ ಹಾಕಿಕೊಳ್ಳುವಾಗ ಎಡಕ್ಕೋ ಬಲಕ್ಕೋ ಕಣ್ಣಿಗೆ ಬಿದ್ದದ್ದೇ ಗಾರ್ಡನ್ ಟೂರು. ಹೇಳಿ, ಇದಕ್ಕೆ ಫೆಸ್ಟಿವಲ್ ಅನ್ನಬೇಕೆ?

ಹಾಗಾದರೆ ಹೋಗುವುದೇಕೆ ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ನಾನು ಹೋಗುತ್ತಿದ್ದದ್ದು ಒಂದೇ ಒಂದು ಗಿಡ ಹುಡುಕಿಕೊಂಡು.

ಮೈಸೂರಿನ ನಮ್ಮ ಹಾಸ್ಟೆಲಿನಲ್ಲಿ ಸಿಸ್ಟರ್ ಆಗ್ನೆಸ್ ಎಂಬುವರಿದ್ದರು. ನಮಗೆ ಬಾಟನಿ ಪಾಠ ಮಾಡುತ್ತಿದ್ದರು. ಚ್ಯಾಪಲ್ಲಿನ ಪಕ್ಕದ ತೋಟ ಅವರದು, ಅದರೊಳಗೆ 'ಡು ನಾಟ್ ಪ್ಲಕ್ ದ ಫ್ಲವರ್ಸ್' ಎಂಬ ಬೋರ್ಡೂ ಅವರದೇ. ಆ ತೋಟದ ಮೂಲೆಯಲ್ಲೊಂದು ದಾಸವಾಳವಿತ್ತು. ಸುತ್ತುಸುತ್ತಾದ ಎಸಳು, ಒಳಗಡೆ ವೈನಿನ ಕೆಂಪು, ಹೊರಗಿನ ಬಣ್ಣ ಮಾತ್ರ ಹಳದಿಯೂ ಅಲ್ಲ, ಕೇಸರಿಯೂ ಅಲ್ಲ. ಅಪ್ರಿಕಾಟ್ ಎಂದು ಸಿಸ್ಟರ್ ಹೇಳುತ್ತಿದ್ದರು. ನಮ್ಮಲ್ಲಿ ಯಾರೂ ಅಪ್ರಿಕಾಟ್ ಹಣ್ಣನ್ನು ಕಂಡವರಲ್ಲ, ಆದ್ದರಿಂದ ಯಾರೂ ಎದುರು ಮಾತಾಡಲಿಲ್ಲ. ನನ್ನ ಮದುವೆ ಗೊತ್ತಾದಾಗ ಸಿಸ್ಟರ್ ಅದರದೊಂದು ಕಡ್ಡಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಕೊಟ್ಟರು. ಹುಣಸೂರಿಗೆ ಬಂದಾಗ ನನ್ನದು ಎಂದು ನಾನು ತಂದದ್ದರಲ್ಲಿ ಉಸಿರಾಡುತ್ತಿದ್ದದ್ದು ಅದೊಂದೇ. ಕಾಂಪೌಂಡಿನ ಮೂಲೆಯಲ್ಲಿ ನೆಟ್ಟೆ. ಬಂತು.

ಗಿಡ ಬಂತು, ಗಿಡದ ಹಿಂದೆಯೇ ನಂಜಮ್ಮಣ್ಣಿ ಬಂದರು.

ಪಕ್ಕದ ಮನೆಯವರು. ನನಗಿಂತ ಸ್ವಲ್ಪ ದೊಡ್ಡವರು, ಹಣೆಯಲ್ಲಿ ಮೂರು ಪಟ್ಟೆ ವಿಭೂತಿ, ಕೈಯಲ್ಲಿ ಸದಾ ಒಂದು ದೋಟಿ. ತುದಿಗೆ ಕೊಕ್ಕೆ ಕಟ್ಟಿದ ಆ ಉದ್ದನೆಯ ಬಿದಿರುಕೋಲು ಬೆಳಗಿನ ಜಾವ ನಮ್ಮ ಗೋಡೆಯ ಮೇಲೆ ಜಿರಾಫೆಯ ಕತ್ತಿನ ಹಾಗೆ ಕಾಣಿಸಿಕೊಳ್ಳುತ್ತಿತ್ತು. ನಾನು ಎದ್ದು ಕಾಫಿ ಹಿಡಿದು ಹೊರಗೆ ಬರುವಷ್ಟರಲ್ಲಿ ನನ್ನ ಗಿಡಗಳೆಲ್ಲ ಬೋಳು. ನಂದಿಬಟ್ಟಲು, ಕಣಗಿಲೆ, ಸಿಸ್ಟರ್ ಆಗ್ನೆಸರ ಅಪ್ರಿಕಾಟು, ಎಲ್ಲ ಅವರ ದೇವರಮನೆಯಲ್ಲಿ. ಸೋಮವಾರವಂತೂ ಮೊಗ್ಗಿಗೂ ಉಳಿಗಾಲವಿಲ್ಲ, ಶಿವನ ವಾರವಲ್ಲವೇ. ನಾನೂ ಸಿಸ್ಟರ್ ಹಾಕಿದ್ದಂಥದೇ ಒಂದು ಬೋರ್ಡು ಬರೆಸಿ ನಿಲ್ಲಿಸಿದೆ. ಅವರು ಅದಕ್ಕೆ ದೋಟಿ ಒರಗಿಸಿಡಲು ಶುರು ಮಾಡಿದರು.

ಒಂದು ದಿನ ತಡೆಯಲಾರದೆ, ಹೂವು ಇರುವುದು ಗಿಡದ ಮೇಲೆ ನೋಡುವುದಕ್ಕೆ ಎಂದೆ. ಅವರು ಬುಟ್ಟಿ ಸೊಂಟಕ್ಕೆ ಇಟ್ಟುಕೊಂಡು ನನ್ನನ್ನೇ ನೋಡಿದರು. "ಗಿಡ್ದಲ್ಲೇ ಬಾಡೋಕೆ ಬುಟ್ರೆ ಯಾರಿಗ್ರೀ ಪುಣ್ಯ? ನೀವೊಳ್ಳೆ ಕಾನ್ವೆಂಟಮ್ಮ ಕಣ್ರೀ" ಎಂದರು. ಅಂದಿನಿಂದ ನಾನು ಇಡೀ ಬೀದಿಗೆ ಕಾನ್ವೆಂಟಮ್ಮ. ಅಪ್ರಿಕಾಟ್ ಎನ್ನುವುದನ್ನು ಅವರು ಅಪ್ರಕಾಟಿ ಮಾಡಿಕೊಂಡರು. ನಾನು ತಿದ್ದಿದಷ್ಟೂ ಅದು ಇನ್ನಷ್ಟು ಅಪ್ರಕಾಟಿಯಾಯಿತು.

ಆಮೇಲೆ ನಮ್ಮ ಯಜಮಾನರು ಕಾರು ತೆಗೆದುಕೊಂಡರು. ಕಾರಿಗೆ ಶೆಡ್ಡು ಬೇಕಾಯಿತು. ನಾನು ತಂಗಿಯ ಮನೆಗೆಂದು ಮೈಸೂರಿಗೆ ಹೋಗಿದ್ದಾಗ ಶೆಡ್ಡು ಎದ್ದಿತು, ಕಾಂಪೌಂಡಿನ ಮೂಲೆಯ ಗಿಡಗಳು ಬುಡಸಮೇತ ಹೋದವು. ವಾಪಸ್ಸು ಬಂದು ನೋಡಿದರೆ ಅಲ್ಲಿ ಸಿಮೆಂಟು. "ದಾಸವಾಳ ತಾನೇ, ಇನ್ನೊಂದು ತಂದರಾಯಿತು" ಎಂದರು ಯಜಮಾನರು, ಒಳ್ಳೆಯ ಮನಸ್ಸಿನಿಂದಲೇ. ಅವರು ಈಗಿಲ್ಲ. ಕಾರೂ ಇಲ್ಲ, ಶೆಡ್ಡಿನಲ್ಲಿ ಹಳೆಯ ಕುರ್ಚಿಗಳಿವೆ. ಇನ್ನೊಂದು ತರಲು ಸಿಸ್ಟರ್ ಹತ್ತಿರ ಹೋಗೋಣವೆಂದರೆ ಅವರು ಅದಾಗಲೇ ಕೇರಳದ ತಮ್ಮ ಊರಿಗೆ ಹೋಗಿ ತೀರಿಕೊಂಡಿದ್ದರು, ತೋಟದ ಜಾಗದಲ್ಲಿ ಬ್ಯಾಸ್ಕೆಟ್‌ಬಾಲ್ ಕೋರ್ಟ್ ಬಂದಿತ್ತು. ಆ ವರ್ಷವೇ ನಂಜಮ್ಮಣ್ಣಿಯವರೂ ಮನೆ ಮಾರಿ ಗಂಡನ ಊರು ಸಾಲಿಗ್ರಾಮಕ್ಕೆ ಹೊರಟುಹೋದರು. ಹೇಳಿಹೋಗಲು ಬಂದಾಗ ನಾನು ಸಿಮೆಂಟಿನ ದುಃಖದಲ್ಲಿ ಸರಿಯಾಗಿ ಮುಖ ಕೊಟ್ಟು ಮಾತಾಡಿಸಲಿಲ್ಲ.

ಅಲ್ಲಿಂದಾಚೆ ನರ್ಸರಿ ನರ್ಸರಿ ತಿರುಗಿದೆ. ಪೀಚ್ ಎಂದು ಕೊಟ್ಟರು, ಸ್ಯಾಮನ್ ಎಂದು ಕೊಟ್ಟರು, ಹೈಬ್ರಿಡ್ ಮೇಡಂ ಎಂದು ತಟ್ಟೆಯಷ್ಟಗಲದ್ದು ಕೊಟ್ಟರು. ಒಂದೂ ಅದಲ್ಲ. ಯಾರದಾದರೂ ಮನೆಯಲ್ಲಿ ಇದ್ದೀತು ಎಂಬ ಆಸೆಯಿಂದ ವರ್ಷವರ್ಷವೂ ಆ ವ್ಯಾನು ಹತ್ತಿ ಉಪ್ಪಿಟ್ಟು ತಿಂದು ಬರುತ್ತಿದ್ದೆ.

ಹೋದ ವರ್ಷ ನಮ್ಮ ಪ್ರೆಸಿಡೆಂಟ್ ಶಾಲಿನಿ ಟೂರನ್ನು ಸೋಮವಾರಕ್ಕೆ ಇಟ್ಟಳು. ಶಾಲಿನಿ ಡಾಕ್ಟರ ಹೆಂಡತಿ, ಚುರುಕು ಹುಡುಗಿ, ಐವತ್ತರ ಹುಡುಗಿ. ಮದುವೆಯ ಸೀಸನ್ನು, ವ್ಯಾನು ಸೋಮವಾರ ಮಾತ್ರ ಖಾಲಿ ಎಂದಳು. ಎಚ್.ಡಿ. ಕೋಟೆಯ ಕಡೆ ಬೇಡ, ಅಲ್ಲಿ ಗಾರ್ಡನ್ ನೋಡಲು ಆನೆಗಳೇ ಬರುತ್ತವೆ, ಪಿರಿಯಾಪಟ್ಟಣ ಮುಗಿಸಿ ಕೆ.ಆರ್. ನಗರದ ಕಡೆ ಹೋಗೋಣ ಎಂದಳು. ಎಲ್ಲರೂ ನಕ್ಕು ಒಪ್ಪಿದರು. ಹುಟ್ಟಿದಾಗಿನಿಂದ ಸೋಮವಾರ ಬೆಳಿಗ್ಗೆ ಹೂವು ಕೀಳುತ್ತ ಬಂದ ಹೆಂಗಸರು, ಒಬ್ಬರಿಗಾದರೂ ಹೊಳೆಯಬಾರದೇ? ಪಕ್ಕದಲ್ಲಿ ನಂಜಮ್ಮಣ್ಣಿ ಇದ್ದಷ್ಟು ಕಾಲವೂ ಸೋಮವಾರಕ್ಕೆ ಹೆದರಿ ಬದುಕಿದ ನನಗೂ ಹೊಳೆಯಲಿಲ್ಲ.

ಹುಣಸೂರಿನ ಮೊದಲ ಮನೆಯಲ್ಲೇ ಗೊತ್ತಾಯಿತು. ಅಂಗಳದ ತುಂಬ ಗಿಡ, ಹೂವಿನ ಸುಳಿವಿಲ್ಲ. ಎಲ್ಲ ಪೂಜೆಗೆ ಹೋಯಿತು ಎಂದರು ಆ ಮನೆಯವರು, ನಿನ್ನೆ ಬಂದಿದ್ದರೆ ನೋಡಬಹುದಿತ್ತು ಎಂದು ನಮ್ಮನ್ನೇ ಗದರಿಸುವವರ ಹಾಗೆ. ಪಿರಿಯಾಪಟ್ಟಣದ ಮನೆಯಾಕೆ ಜಾಣೆ. ದೇವರಿಗೆ ಏರಿಸಿದ ಹೂವಿನ ಜಾಗದಲ್ಲಿ ಪ್ಲಾಸ್ಟಿಕ್ಕಿನವನ್ನು ತಂತಿಯಿಂದ ಕಟ್ಟಿದ್ದಳು. ಸೇವಂತಿಗೆ ಗಿಡದಲ್ಲಿ ಗುಲಾಬಿ ಬಿಟ್ಟಿತ್ತು. ವ್ಯಾನಿನಲ್ಲಿದ್ದವರಲ್ಲಿ ಅರ್ಧ ಜನ ಅದರ ಮುಂದೆ ನಿಂತು ಸೆಲ್ಫಿ ತೆಗೆಸಿಕೊಂಡರು. ನಾನು ಶಾಲಿನಿಗೆ ಪಿಸುಗುಟ್ಟಿದರೆ, "ಆಂಟಿ, ಪ್ಲೀಸ್, ಬಿ ಪಾಸಿಟಿವ್" ಎಂದಳು. ಎರಡನೆಯ ಉಪ್ಪಿಟ್ಟು ಗಂಟಲಲ್ಲೇ ನಿಂತಿತ್ತು, ಪಾಸಿಟಿವ್ ಆಗಲು ಜಾಗವಿರಲಿಲ್ಲ. ಬೆಟ್ಟದಪುರ ದಾಟುವಾಗ, ಇನ್ನು ಮುಂದೆ ಈ ವ್ಯಾನು ಹತ್ತಿದರೆ ಕೇಳಿ ಎಂದು ನನಗೆ ನಾನೇ ಹೇಳಿಕೊಂಡೆ.

ಸಾಲಿಗ್ರಾಮದ ಮನೆಯ ಮುಂದೆ ಇಳಿದಾಗ ಉರಿಬಿಸಿಲು. ಅಲ್ಲೂ ಗಿಡಗಳೆಲ್ಲ ಬೋಳು. ನಂದಿಬಟ್ಟಲು, ಕಣಗಿಲೆ. ಅವು ನಿಂತಿದ್ದ ಕ್ರಮ ಎಲ್ಲೋ ನೋಡಿದ ಹಾಗಿತ್ತು. ಬಾಗಿಲ ಪಕ್ಕದ ಗೋಡೆಗೆ ಒಂದು ದೋಟಿ ಒರಗಿತ್ತು.

"ಬಂದ್ರಾ ಕಾನ್ವೆಂಟಮ್ಮ" ಎಂದರು ನಂಜಮ್ಮಣ್ಣಿ, ನಿನ್ನೆ ತಾನೇ ಗೋಡೆಯಾಚೆಗೆ ಇದ್ದವರ ಹಾಗೆ. ಬೆನ್ನು ಬಾಗಿತ್ತು. ವಿಭೂತಿ ಅಲುಗಾಡಿರಲಿಲ್ಲ. ಪುಷ್ಪೋತ್ಸವಕ್ಕೆ ಹೆಸರು ಕೊಟ್ಟದ್ದು ಅವರ ಸೊಸೆಯಂತೆ. ಸೊಸೆ ಎಲ್ಲರನ್ನೂ ಫ್ಯಾನಿನ ಕೆಳಗೆ ಕೂರಿಸಿದಳು, ಒಳಗಿನಿಂದ ಉಪ್ಪಿಟ್ಟಿನ ಒಗ್ಗರಣೆಯ ವಾಸನೆ ಬಂತು. ನಾನು ಕೈಮುಗಿದು ಬರುವೆನೆಂದು ನೆಪ ಹೇಳಿ ದೇವರಮನೆಯ ಹೊಸ್ತಿಲಿಗೆ ಹೋದೆ.

ಲಿಂಗದ ನೆತ್ತಿಯ ಮೇಲೆ, ಬಿಳಿಯ ನಂದಿಬಟ್ಟಲ ರಾಶಿಯ ನಡುವೆ, ಒಂದೇ ಒಂದು ದಾಸವಾಳ. ಸುತ್ತುಸುತ್ತಾದ ಎಸಳು. ಒಳಗೆ ವೈನಿನ ಕೆಂಪು.

ಹಿಂದಿನಿಂದ ನಂಜಮ್ಮಣ್ಣಿಯವರ ಧ್ವನಿ ಬಂತು. "ನಿಮ್ದೇಯ. ಅಪ್ರಕಾಟಿ." ಶೆಡ್ಡಿಗೆ ಪಾಯ ತೋಡಲು ಆಳುಗಳು ಬಂದ ದಿನ ಗೋಡೆಯ ಮೇಲಿಂದ ದೋಟಿ ಹಾಕಿ ಒಂದು ಕೊಂಬೆ ಎಳೆದುಕೊಂಡಿದ್ದರಂತೆ. ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಏಳೋಕೆ ಅಂತ್ಲೇ ಬಂದಿದ್ದೆ ಕಣ್ರೀ. ನೀವು ಮೊಕ ಕೊಟ್ಟು ಮಾತಾಡುದ್ರಾ?"

ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದರು. ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ, ನನ್ನ ತಲೆಗಿಂತ ಎತ್ತರಕ್ಕೆ ಬೆಳೆದು ನಿಂತಿತ್ತು. ಒಂದು ಹೂವಿಲ್ಲ, ಆದರೂ ಈಗ ಎಲೆಯಲ್ಲೇ ಗುರುತು ಹತ್ತಿತು. ಅಷ್ಟು ವರ್ಷ ಅವರ ಮೇಲೆ ಇಟ್ಟುಕೊಂಡಿದ್ದ ಬಿಗುಮಾನವನ್ನೆಲ್ಲ ನುಂಗಿ, ಒಂದು ಕಡ್ಡಿ ಕೊಡುತ್ತೀರಾ ಎಂದೆ.

"ಕೊಡಾಕಿಲ್ಲ" ಎಂದರು ನಂಜಮ್ಮಣ್ಣಿ.

ಅವರು ನನ್ನ ಮುಖ ನೋಡಿ ಬೇಸರಪಟ್ಟುಕೊಂಡರು, ದಡ್ಡ ಮಗುವಿಗೆ ಮಗ್ಗಿ ಹೇಳಿಕೊಡುವವರ ಹಾಗೆ. "ಕೇಳಿ ಈಸ್ಕಂಡ್ ಕಡ್ಡಿ ಚಿಗುರಾಕಿಲ್ಲ, ಅಷ್ಟೂ ಗೊತ್ತಿಲ್ವ ನಿಮ್ಗೆ? ಕದ್ದಿದ್ದೇ ಬರೋದು. ನಾನು ಕದ್ದಿದ್ಕಲ್ವಾ ಇದು ಇಂಗೆ ನಿಂತಿರೋದು." ಸಿಸ್ಟರ್ ಕೊಟ್ಟದ್ದು ನೆಟ್ಟಾಗ ಬಂತಲ್ಲ ಎಂದು ವಾದ ಮಾಡಿದೆ. ಅದಕ್ಕೇ ಶೆಡ್ಡು ಬಂತು ಎಂದರು. ಇಂಥ ಲಾಜಿಕ್ಕಿಗೆ ಯಾವ ಕಾನ್ವೆಂಟಿನಲ್ಲೂ ಉತ್ತರ ಹೇಳಿಕೊಡುವುದಿಲ್ಲ. ಆಮೇಲೆ ಅವರು ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಯ ಕಡೆ ತಿರುಗಿದರು.

"ನಾನು ಕಾಪಿಗೆ ಆಲು ಇಡೋಕೆ ಒಳೀಕೆ ಓಯ್ತೀನಿ. ನಂಗೆ ಕಿವಿ ಬ್ಯಾರೆ ಮಂದ."

ಹೋಗಿಯೇಬಿಟ್ಟರು. ನಾನು ಹಿತ್ತಲಿನಲ್ಲಿ ಒಬ್ಬಳೇ. ಹೊರಗೆ ವ್ಯಾನಿನ ಹಾರ್ನು, ಲೇಡೀಸ್, ಲೇಡೀಸ್, ವಿ ಆರ್ ಗೆಟಿಂಗ್ ಲೇಟ್ ಎಂದು ಶಾಲಿನಿಯ ಕೂಗು. ಪರೀಕ್ಷೆಯಲ್ಲಿ ಪಕ್ಕದವಳ ಪೇಪರನ್ನು ಕೂಡ ನೋಡದೆ ಫೇಲಾದವಳು ನಾನು. ಒಂದು ಎಳೆಯ ಕೊಂಬೆ ಹಿಡಿದು ಎಳೆದೆ. ದಾಸವಾಳದ ಕಡ್ಡಿ ಮುರಿಯಿತು, ಸಿಪ್ಪೆ ಮಾತ್ರ ಬಿಡಲಿಲ್ಲ. ಎಳೆದಷ್ಟೂ ನಾರಿನ ಹಾಗೆ ಉದ್ದಕ್ಕೆ ಸುಲಿದುಕೊಂಡು ಬಂತು, ಜೊತೆಗೆ ಲೋಳೆ. ಇಡೀ ಗಿಡ ಅಲ್ಲಾಡುತ್ತಿತ್ತು. ಕೊನೆಗೆ, ಹೇಳಲು ನಾಚಿಕೆಯಿಲ್ಲ, ಬಾಗಿ ಹಲ್ಲಿನಿಂದ ಕಚ್ಚಿದೆ. ಡೆಂಚರ್ ಅಲ್ಲ, ನನ್ನದೇ ಹಲ್ಲು.

ಅಡುಗೆಮನೆಯ ಕಿಟಕಿಯಿಂದ, ನನ್ನ ಕಡೆಗೆ ಬೆನ್ನು ಮಾಡಿಕೊಂಡವರ ಧ್ವನಿ ಬಂತು. "ಓರೆಯಾಗಿ ಮುರೀಬೇಕು ಕಣ್ರೀ."

ಕಡ್ಡಿಯನ್ನು ಕರ್ಚೀಫಿಗೆ ಸುತ್ತಿ, ಒಗೆಯುವ ಕಲ್ಲಿನ ಪಕ್ಕದ ಬಕೀಟಿಗೆ ಅದ್ದಿ, ಹ್ಯಾಂಡ್‌ಬ್ಯಾಗಿನಲ್ಲಿ ನೆಟ್ಟಗೆ ನಿಲ್ಲಿಸಿದೆ. ಹೊರಡುವಾಗ ಥ್ಯಾಂಕ್ಸ್ ಹೇಳಲು ಬಾಯಿ ತೆರೆದೆ. ಅವರು ಬಾಯಿಗೆ ಬೆರಳಿಟ್ಟು ಗಾಬರಿಯಿಂದ ತಲೆಯಾಡಿಸಿದರು. ಕದ್ದದ್ದಕ್ಕೆ ಥ್ಯಾಂಕ್ಸ್ ಹೇಳಿದರೆ ಅದು ಕೊಟ್ಟದ್ದಾಗುತ್ತದಲ್ಲ. ವ್ಯಾನಿನಲ್ಲಿ ಶಾಲಿನಿ ನಿಟ್ಟುಸಿರು ಬಿಟ್ಟಳು. ಈ ಮನೆಗೆ ಜೀರೋ ಆಂಟಿ, ಒಂದು ಹೂವೂ ಇಲ್ಲ, ಟೋಟಲ್ ವೇಸ್ಟ್ ಎಂದಳು. ನಾನು ಬ್ಯಾಗನ್ನು ಎದೆಗೊತ್ತಿಕೊಂಡು ಹುಣಸೂರಿನವರೆಗೂ ಅಲುಗಾಡದೆ ಕುಳಿತೆ.

ಮಳೆಗಾಲವಿಡೀ ಕಡ್ಡಿ ಕಡ್ಡಿಯಾಗಿಯೇ ಇತ್ತು. ದಿನಾ ನೋಡುವುದು, ದಿನಾ ಸಿಡುಕುವುದು. ಕಿತ್ತು ಬೇರು ಬಂದಿದೆಯೇ ನೋಡಿಬಿಡೋಣ ಎಂದು ಕೈ ತುರಿಸಿದ್ದುಂಟು. ದಸರೆಯ ಹೊತ್ತಿಗೆ ಎರಡು ಎಲೆ ಬಿಟ್ಟಿತು. ಈಗ ಶೆಡ್ಡಿನ ಮುಂದೆ ದೊಡ್ಡ ಕುಂಡದಲ್ಲಿ ಸೊಂಟದೆತ್ತರಕ್ಕೆ ನಿಂತಿದೆ. ಇವತ್ತು ಕರ್ಚೀಫನ್ನು ಮಡಿಸಿಟ್ಟು ಹೊರಗೆ ಹೋದರೆ ಮೊದಲ ಹೂವು ಬಿರಿದಿತ್ತು. ಹಳದಿಯೂ ಅಲ್ಲ, ಕೇಸರಿಯೂ ಅಲ್ಲ. ಹಿಂದೆ ಮುಂದೆ ಮೊಗ್ಗುಗಳಿವೆ. ಸಾಲಿಗ್ರಾಮಕ್ಕೆ ಫೋನ್ ಮಾಡಿದೆ. ಗಿಡದ ವಿಷಯ ಎತ್ತಲಿಲ್ಲ. ಒಂದು ಸೋಮವಾರ ಮೊದಲ ಬಸ್ಸಿಗೆ ನಮ್ಮನೆಗೆ ಬನ್ನಿ, ತಿಂಡಿ ಇಲ್ಲೇ ಎಂದೆ. "ದೋಟಿ ಐತಾ ನಿಮ್ಮನೇಲಿ?" ಎಂದರು.

ಫೋನಿಡುವಷ್ಟರಲ್ಲಿ ಶಾಲಿನಿಯ ಕಾಲ್ ಬಂತು. ಈ ವರ್ಷ ಟೂರಿನಲ್ಲಿ ನಿಮ್ಮ ಮನೆ ಇರಲೇಬೇಕು ಆಂಟಿ, ವ್ಯಾನು ಯಾವ ದಿನ ಬೇಕಾದರೂ ಸಿಗುತ್ತೆ, ಸೋಮವಾರ ಒಂದು ಬಿಟ್ಟು ನೀವೇ ಡೇಟ್ ಹೇಳಿ ಎಂದಳು.

ಸೋಮವಾರವೇ ಇಟ್ಟುಕೊ ಎಂದೆ.

ಅವಳು ಇನ್ನೂ ಏನೋ ಹೇಳುತ್ತಿದ್ದಳು. ಸರಿಯಾಗಿ ಕೇಳಲಿಲ್ಲ. ಈಚೆಗೆ ನನಗೂ ಕಿವಿ ಸ್ವಲ್ಪ ಮಂದ. ಆ ದಿನ ಬೆಳಿಗ್ಗೆ, ಸಾಲಿಗ್ರಾಮದ ಮೊದಲ ಬಸ್ಸು ಬಂದ ಮೇಲೆ, ಗೇಟಿನ ಸದ್ದು ಕೇಳಿಸಿದರೂ ನಾನು ಹೊರಗೆ ಬರುವುದಿಲ್ಲ. ಕಾಫಿಗೆ ಹಾಲಿಡಲು ಒಳಗೆ ಹೋಗಿರುತ್ತೇನೆ.