ಜೇಡಿ ಮೇಷ್ಟ್ರ ಉಸ್ಸಪ್ಪಾ

ಉದ್ಯಾನದಲ್ಲೊಬ್ಬರು, ಬ್ಯಾಂಕಿನ ಮುಂದೊಬ್ಬರು, ಹೈಸ್ಕೂಲಿನ ಬಾಗಿಲಲ್ಲೊಬ್ಬರು, ಹೀಗೆ ಎದೆಯವರೆಗೆ ಮಾತ್ರ ಉಳಿದುಕೊಂಡ ಮಹನೀಯರು ಆ ಊರಿನಲ್ಲಿ ಅಲ್ಲಲ್ಲಿ ನಿಂತಿದ್ದಾರೆ. ಎಲ್ಲರ ತಲೆಯ ಮೇಲೂ ಪಾರಿವಾಳಗಳ ಕಾಣಿಕೆ. ಇವರೆಲ್ಲರನ್ನೂ ಮಾಡಿದ್ದು ಅದೇ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಮಕ್ಕಳು ಅವರಿಗಿಟ್ಟ ಹೆಸರು ಜೇಡಿ ಮೇಷ್ಟ್ರು. ಉಗುರಿನ ಸಂದಿಯಲ್ಲಿ ಜೇಡಿಮಣ್ಣು ಇಲ್ಲದ ದಿನ ಅವರನ್ನು ಯಾರೂ ನೋಡಿರಲಿಲ್ಲ. ಮದುವೆಯ ಫೋಟೋದಲ್ಲೂ ಅದು ಸ್ಪಷ್ಟವಾಗಿ ಕಾಣುತ್ತದೆ.

ಕಲಾಶಾಲೆಯಿಂದ ಹೊರಬಂದಾಗ ಅವರ ಲೆಕ್ಕಾಚಾರ ಸರಳವಾಗಿತ್ತು. ಒಂದೆರಡು ವರ್ಷ ಮೇಷ್ಟರಿಕೆ, ಆಮೇಲೆ ಪೂರಾ ಶಿಲ್ಪ. ಒಂದೆರಡು ವರ್ಷವೆಂಬುದು ಎಳೆದಷ್ಟೂ ಬೆಳೆಯುವ ಪದಾರ್ಥ ಎಂಬುದು ಸಂಬಳಕ್ಕೆ ದುಡಿಯುವ ನಮ್ಮಂಥವರಿಗೆಲ್ಲ ಗೊತ್ತಿರುವುದೇ. ಮೇಷ್ಟ್ರ ತಲೆ ನರೆತರೂ ಆ ಎರಡು ವರ್ಷ ಮುಗಿದಿರಲಿಲ್ಲ.

ಶಾಲೆಯಲ್ಲಿ ಡ್ರಾಯಿಂಗ್ ಪೀರಿಯಡ್ ಎಂದರೆ ಗಣಿತದವರ ಪಾಠ ಮುಗಿಯದಿದ್ದಾಗ ಕಿತ್ತುಕೊಳ್ಳುವ ಪೀರಿಯಡ್. ಅದರ ಬದಲು ಮೇಷ್ಟ್ರಿಗೆ ಬೇರೆ ಕೆಲಸಗಳಿದ್ದವು. ನಾಟಕದ ಪರದೆ, ಆಟದ ಬಯಲಿನ ಸುಣ್ಣದ ಗೆರೆ, ಪ್ರಶಸ್ತಿಪತ್ರಗಳ ಮೇಲೆ ಹೆಸರು. ಹೆಡ್‌ಮಾಸ್ಟರು ಬದಲಾಗುತ್ತಿದ್ದರು, ಅವರ ಮಾತು ಬದಲಾಗುತ್ತಿರಲಿಲ್ಲ. "ಮೇಷ್ಟ್ರೇ, ಒಂದೆರಡು ಅಕ್ಷರ ಬರ್ಕೊಟ್‌ಬಿಡಿ. ನಿಮಗೇನು, ಐದು ನಿಮಿಷದ್ದು."

ಇನ್ನು ಶಿಲ್ಪ. ಅದಕ್ಕೆ ಸಮಿತಿಗಳಿದ್ದವು. ತೀರಿಹೋದ ಬ್ಯಾಂಕ್ ಅಧ್ಯಕ್ಷರ ತಲೆಯನ್ನು ಮಣ್ಣಿನಲ್ಲಿ ಮಾಡಿ ಮುಗಿಸಿದಾಗ ಸಮಿತಿ ಇಡಿಯಾಗಿ ನೋಡಲು ಬಂದಿತ್ತು.

"ಮೂಗು ಇನ್ನೊಂಚೂರು ಚೂಪಾಗ್ಲಿ," ಎಂದರು ಕಾರ್ಯದರ್ಶಿ.

"ನಮ್ಮಪ್ಪ ಹೀಗೆ ಹುಬ್ಬು ಗಂಟಿಕ್ತಾನೇ ಇರ್ಲಿಲ್ಲ, ನಗುಮುಖ," ಎಂದ ಮಗ.

"ಯಾವಾಗ ನಕ್ಕಿದ್ದರೋ," ಎಂದು ಸೊಸೆ ಗೊಣಗಿದಳು.

ಎಲ್ಲರ ಮಾತೂ ನಡೆಸಿಕೊಟ್ಟ ಮೇಲೆ ಅಧ್ಯಕ್ಷರ ಹೆಂಡತಿ ಕನ್ನಡಕ ಏರಿಸಿಕೊಂಡು ಮೂರ್ತಿಯನ್ನು ನೋಡಿದರು. "ಚೆನ್ನಾಗಿದೆಯಪ್ಪಾ. ಯಾರಿದು?" ಎಂದು ಕೇಳಿದರು.

ಮೇಷ್ಟ್ರು ಕೈ ತೊಳೆದುಕೊಂಡು ಮನೆಗೆ ಬಂದರು. ಹಾಗೆ ಎಷ್ಟೋ ಸಲ ಬಂದಿದ್ದರು.

ಈಚೆಗೆ ಬಲಗೈ ಹೆಬ್ಬೆರಳಿನ ಬುಡ ಊದಿಕೊಳ್ಳತೊಡಗಿತು. ಲೋಟ ಹಿಡಿದರೆ ಲೋಟ ಜಾರುತ್ತಿತ್ತು. ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು, "ಬರೆಯೋದು ಪರವಾಗಿಲ್ಲ. ಮಣ್ಣು ಕಲಸೋದು, ಒತ್ತೋದು ಸಾಕು ಮಾಡಿ. ಇಲ್ಲಾಂದ್ರೆ ಗುಂಡಿ ಹಾಕಿಕೊಳ್ಳೋಕೂ ಬೇರೆಯವರನ್ನ ಕರೀಬೇಕಾಗುತ್ತೆ," ಎಂದರು.

ಹೊರಗೆ ಬಂದ ಮೇಲೆ ಮೇಷ್ಟ್ರು ಹೆಂಡತಿಗೆ ಹೇಳಿದ್ದು ಒಂದೇ ಮಾತು. "ಇನ್ನೊಂದೇ ಒಂದು ಮಾಡ್ತೀನಿ. ನಿನ್ನದು."

ಹೆಂಡತಿ ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ನರ್ಸು. ಓಣಿಗೆಲ್ಲ ನರ್ಸಮ್ಮ. "ಅಯ್ಯೋ, ಊರವರ ಮೂಗೆಲ್ಲ ಮುಗೀತಾ? ಈಗ ನನ್ನ ಮೂಗು ಕಣ್ಣಿಗೆ ಬಿತ್ತಾ?" ಎಂದು ನಕ್ಕರು. ಗಂಡ ನಗಲಿಲ್ಲ. ಯಾವ ಸಮಿತಿಯೂ ಕೈಹಾಕದ ಒಂದೇ ಒಂದು ಮುಖ ಮಾಡದೆ ಕೈ ಮುದುರಿಕೊಳ್ಳುವುದು ಅವರಿಂದ ಆಗುತ್ತಿರಲಿಲ್ಲ.

ಕೂರಿಸಿದರೆ ನರ್ಸಮ್ಮನ ಮುಖ ಫೋಟೋ ಮುಖವಾಗುತ್ತಿತ್ತು. ಗಲ್ಲ ಮೇಲೆ, ತುಟಿ ಬಿಗಿ, ಯಾರೋ ಬಹುಮಾನ ಕೊಡುತ್ತಿರುವಂಥ ಕಣ್ಣು. ಮೇಷ್ಟ್ರಿಗೆ ಬೇಕಾಗಿದ್ದ ಮುಖವೇ ಬೇರೆ. ಡ್ಯೂಟಿ ಮುಗಿಸಿ ಬಂದು, ಚಪ್ಪಲಿ ಕಳಚಿ, ಹಿತ್ತಿಲ ಮೆಟ್ಟಿಲ ಮೇಲೆ "ಉಸ್ಸಪ್ಪಾ" ಎಂದು ಕುಸಿಯುತ್ತಾರಲ್ಲ, ಆಗಿನದು. ಆ ಹೊತ್ತಿಗೆ ಮುಖದಿಂದ ನರ್ಸಮ್ಮನೂ ಇಳಿದುಹೋಗಿರುತ್ತಾಳೆ, ಹೆಂಡತಿಯೂ ಇಳಿದುಹೋಗಿರುತ್ತಾಳೆ. ದಣಿದ ಒಂದು ಜೀವ ಮಾತ್ರ ಅಲ್ಲಿ ಕೂತಿರುತ್ತದೆ. ತೊಂದರೆಯೇನೆಂದರೆ ಅದು ಹೆಚ್ಚು ಹೊತ್ತು ಕೂರುವುದಿಲ್ಲ. ಒಲೆಯ ಮೇಲಿನ ಹಾಲೋ, ಹಗ್ಗದ ಮೇಲಿನ ಬಟ್ಟೆಯೋ ನೆನಪಾಗಿ ಎದ್ದುಬಿಡುತ್ತದೆ.

ಆದ್ದರಿಂದ ಮೇಷ್ಟ್ರು ಮಣ್ಣನ್ನು ಹಿತ್ತಿಲಿಗೇ ತಂದಿಟ್ಟು ಸಂಜೆಗಾಗಿ ಕಾಯತೊಡಗಿದರು. ಚಪ್ಪಲಿಯ ಸದ್ದಾದ ಕೂಡಲೇ ಮಣ್ಣಿಗೆ ಸುತ್ತಿದ ಒದ್ದೆ ಬಟ್ಟೆ ಬಿಚ್ಚುವುದು, ಆ ಮುಖ ಕೂತಿರುವಷ್ಟು ಹೊತ್ತು ನೋಡಿ ಒತ್ತುವುದು. ಒಂದು ಸಂಜೆ ರೆಪ್ಪೆ, ಒಂದು ಸಂಜೆ ಬಾಯಿಯ ಮೂಲೆ. ಕೆಲವು ಸಂಜೆ ನರ್ಸಮ್ಮ ಬೆನ್ನು ಹಾಕಿ ಕೂರುತ್ತಿದ್ದರು. "ಈ ಕಡೆ ತಿರುಗೇ," ಎಂದರೆ, "ಇವತ್ತು ಆಗಲ್ಲ ರೀ, ಸೊಂಟ ಹಿಡ್ಕೊಂಡಿದೆ," ಎನ್ನುತ್ತಿದ್ದರು. ಅಂಥ ದಿನ ಸುಮ್ಮನಿರಲಾರದೆ ಮೇಷ್ಟ್ರು ಕತ್ತನ್ನೋ ತುರುಬನ್ನೋ ತಿದ್ದುತ್ತಾ ಹೊತ್ತು ಕಳೆಯುತ್ತಿದ್ದರು.

ಬೇಸಗೆ ಮುಗಿಯುವ ವೇಳೆಗೆ ಮುಖ ಬಂತು. ಮೇಷ್ಟ್ರಿಗೇ ನಂಬಿಕೆಯಾಗಲಿಲ್ಲ. ದೂರ ನಿಂತು ನೋಡಿದರು, ಹತ್ತಿರ ಬಂದು ನೋಡಿದರು. ಎಲ್ಲೂ ಬೆರಳಿಡಬೇಕೆನಿಸಲಿಲ್ಲ.

ಮಣ್ಣು ಹಾಗೇ ಉಳಿಯುವುದಿಲ್ಲ, ಒಣಗಿದರೆ ಬಿರಿಯುತ್ತದೆ. ಅದರ ಮೇಲೆ ಪ್ಲಾಸ್ಟರ್ ಹಚ್ಚಿ ಹಿಂದೊಂದು ಮುಂದೊಂದು ಎರಡು ಹೋಳಿನ ಅಚ್ಚು ತೆಗೆಯಬೇಕು. ತೆಗೆಯುವಾಗ ಒಳಗಿನ ಮಣ್ಣಿನ ಮೂರ್ತಿ ಹಾಳಾಗುತ್ತದೆ, ಹಾಳಾಗಲೇಬೇಕು. ಆಮೇಲೆ ಅಚ್ಚಿನ ಒಳಮೈಗೆ ಸೋಪಿನ ನೀರು ಬಳಿದು, ಹೋಳುಗಳನ್ನು ಜೋಡಿಸಿ ಕಟ್ಟಿ, ಹೊಸ ಪ್ಲಾಸ್ಟರ್ ಹೊಯ್ದು, ಗಟ್ಟಿಯಾದ ಮೇಲೆ ಅಚ್ಚನ್ನು ಉಳಿಯಿಂದ ಒಡೆದು ತೆಗೆಯಬೇಕು. ಅಚ್ಚಿನ ಮೊದಲ ಪದರಕ್ಕೆ ನೀಲಿ ಪುಡಿ ಬೆರೆಸಿರುತ್ತಾರೆ. ಒಡೆಯುವಾಗ ನೀಲಿ ಕಂಡರೆ, ಇನ್ನು ಮೆಲ್ಲಗೆ, ಮೂರ್ತಿ ಬಂತು ಎಂದರ್ಥ. ಸೋಪು ಹಚ್ಚದಿದ್ದರೆ ಪ್ಲಾಸ್ಟರಿಗೆ ಪ್ಲಾಸ್ಟರು ಕಚ್ಚಿಕೊಂಡು ಕಲ್ಲಾಗುತ್ತದೆ. ಇದನ್ನು ಮೇಷ್ಟ್ರು ಅದೆಷ್ಟು ಮಕ್ಕಳಿಗೆ ಕಿವಿ ಹಿಂಡಿ ಹೇಳಿದ್ದರೋ.

ಹಿಂಬದಿಯ ಹೋಳಿಗೆ ಸೋಪು ಬಳಿದು ಮುಗಿಸಿ ಮುಖದ ಹೋಳನ್ನು ಹತ್ತಿರ ಎಳೆದುಕೊಂಡಿದ್ದರು. ಅಷ್ಟರಲ್ಲಿ ಶಾಲೆಯ ಜವಾನ ಸೈಕಲ್ಲಿನಲ್ಲಿ ಬಂದ.

"ಸಾರ್, ಹೆಡ್‌ಮಾಸ್ಟರು ಈಗಿಂದೀಗಲೇ ಬರಬೇಕಂತೆ. ನಾಳೆ ಅತಿಥಿಗಳು ಬರ್ತಾರಲ್ಲ, ಸ್ವಾಗತದ ಬೋರ್ಡಲ್ಲಿ ಅವರ ಹುದ್ದೆ ತಪ್ಪಾಗಿದೆ."

"ಬೇರೆ ಯಾರೂ ಇಲ್ವೇನಯ್ಯಾ?"

"ಇದ್ದಾರೆ ಸಾರ್. ಆದ್ರೆ ನೀವು ಬರ್ತೀರಲ್ಲ."

ಬ್ರಷ್ಷು ಬಟ್ಟಲಿನಲ್ಲಿಟ್ಟು ಹೋದರು. ಐದು ನಿಮಿಷದ ಕೆಲಸ ಕತ್ತಲಾಗುವವರೆಗೆ ನಡೆಯಿತು. ಹುದ್ದೆ ಸರಿಯಾದ ಮೇಲೆ ಇಡೀ ಬೋರ್ಡಿಗೆ ಹೂಬಳ್ಳಿ ಬೇಕೆಂದರು. ಮನೆಗೆ ಬಂದಾಗ ಮೇಷ್ಟ್ರ ಹೆಬ್ಬೆರಳು ದಪದಪ ಬಡಿದುಕೊಳ್ಳುತ್ತಿತ್ತು, ತಲೆಯಲ್ಲಿ ಇನ್ನೂ ಬಳ್ಳಿಯೇ ಸುತ್ತುತ್ತಿತ್ತು. ಮಂಕು ಬಲ್ಬಿನಡಿ ಎರಡೂ ಹೋಳು ಜೋಡಿಸಿ, ಹಗ್ಗ ಬಿಗಿದು, ಪ್ಲಾಸ್ಟರ್ ಕಲಸಿ ಹೊಯ್ದರು.

ಮುಂದಿನ ರಜೆಯ ದಿನ ಉಳಿ, ಕೊಡತಿ ಹಿಡಿದು ಕೂತರು. ಹಿಂಬದಿಯಿಂದ ಶುರುಮಾಡುವುದು ವಾಡಿಕೆ. ಕೈ ತಪ್ಪುವುದಿದ್ದರೂ ಕಾಣದ ಕಡೆ ತಪ್ಪಲಿ ಎಂದು. ಅಚ್ಚು ಕಡಲೆಕಾಯಿ ಸಿಪ್ಪೆಯ ಹಾಗೆ ಕಳಚಿಕೊಂಡಿತು. ತುರುಬು, ಅದಕ್ಕೆ ಸಿಕ್ಕಿಸಿದ ಪಿನ್ನು, ಕತ್ತು, ಬಾಗಿದ ಹೆಗಲು ಎಲ್ಲ ಬೆಳ್ಳಗೆ ಹೊರಗೆ ಬಂತು. ಮೇಷ್ಟ್ರು ಅದರ ಕಡೆ ಸರಿಯಾಗಿ ನೋಡಲೂ ಇಲ್ಲ. ಮುಖದ ಕಡೆ ತಿರುಗಿಸಿಕೊಂಡರು.

ನೀಲಿ ಕಂಡಿತು. ಮೆಲ್ಲಗೆ ತಟ್ಟಿದರು. ನೀಲಿಯ ಜೊತೆಗೆ ಬಿಳಿಯ ಚಕ್ಕೆಯೂ ಎದ್ದು ಬಂತು. ಇನ್ನೊಂದು ಕಡೆ ತಟ್ಟಿದರು. ಅಲ್ಲೂ ಹಾಗೇ. ಬಟ್ಟಲಿನಲ್ಲಿ ಒಣಗಿ ಸೆಟೆದು ನಿಂತ ಬ್ರಷ್ಷಿನ ಕಡೆ ನೋಡಿದರು. ಉಳಿಯನ್ನು ಕೆಳಗಿಟ್ಟರು.

ಗುಡಿಸಲೆಂದು ಪೊರಕೆ ಹಿಡಿದು ಬಂದ ನರ್ಸಮ್ಮ ಎದುರು ನಿಂತು ನೋಡಿದರು. "ಇದೇನ್ರೀ, ನನ್ನ ಮುಖಕ್ಕೆ ಬ್ಯಾಂಡೇಜ್ ಸುತ್ತಿದ್ದೀರಾ?"

"ಸೋಪು ಹಚ್ಚೋದು ಮರೆತೆ."

ಗಂಡನ ದನಿ ಕೇಳಿ ನರ್ಸಮ್ಮನ ನಗು ನಿಂತಿತು. "ಕೆತ್ತಿದ್ರೆ ಬರಲ್ವಾ?"

"ಕೆತ್ತಿದ್ರೆ ಯಾವುದೋ ಒಂದು ಮುಖ ಬರುತ್ತೆ. ಅಂಥವು ಊರ ತುಂಬ ಇವೆಯಲ್ಲ."

"ಇನ್ನೊಂದು..." ಎಂದು ಶುರುಮಾಡಿದ ನರ್ಸಮ್ಮ ಅವರ ಹೆಬ್ಬೆರಳು ನೋಡಿ ಮಾತು ನುಂಗಿಕೊಂಡರು. ಆಸ್ಪತ್ರೆಯ ಹೆಂಗಸಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಸುಮ್ಮನೆ ಚಕ್ಕೆಗಳನ್ನು ಗುಡಿಸುತ್ತಾ ಮೂರ್ತಿಯ ಹಿಂದಕ್ಕೆ ಹೋದರು. ಪೊರಕೆಯ ಸದ್ದು ನಿಂತಿತು.

"ರೀ. ಇದು ನಮ್ಮಮ್ಮ."

"ಏನು?"

"ನಮ್ಮಮ್ಮ ಕಣ್ರೀ. ಒಲೆ ಮುಂದೆ ಹೀಗೇ ಕೂತಿರ್ತಿದ್ಲು. ನಾನು ಸ್ಕೂಲಿಂದ ಬಂದು ಹಿಂದಿನಿಂದ ತಬ್ಬಿಕೊಂಡ್ರೆ ಈ ಮೂಳೆ, ಇದೇ, ಕೆನ್ನೆಗೆ ಒತ್ತೋದು." ಕತ್ತಿನ ಬುಡದಲ್ಲಿ ಎದ್ದು ನಿಂತ ಗೆಣ್ಣನ್ನು ಮುಟ್ಟಿ ತೋರಿಸಿದರು. "ಸಾಕಾಯ್ತು ಬಿಡೇ, ಅನ್ನೋಳು. ಬಿಡಿಸಿಕೊಳ್ತಾ ಇರಲಿಲ್ಲ."

"ನಿಮ್ಮಮ್ಮನ್ನ ನಾನು ನೋಡಿದ್ದೇ ಅಷ್ಟಕ್ಕಷ್ಟೆ. ನಿನ್ನದೇ ಅದು."

"ನಂಗ್ಯಾವಾಗ ಬಂತ್ರೀ ಈ ಕತ್ತು?"

ಮೇಷ್ಟ್ರು ಎದ್ದು ಹಿಂದಕ್ಕೆ ಬಂದು ಹೆಂಡತಿಯ ಪಕ್ಕದಲ್ಲಿ ನಿಂತರು. ಹೊತ್ತು ಕಳೆಯಲು ತಿದ್ದಿದ್ದ ಕತ್ತು ಅದು. ಇಡೀ ದಿನ ಮಂಚಗಳ ಮೇಲೆ ಬಾಗಿದ ಹೆಗಲು, ನೆಟ್ಟಗಾಗುವುದನ್ನೇ ಮರೆತು ಹಾಗೇ ನಿಂತುಬಿಟ್ಟಿತ್ತು. ಮುಖದಲ್ಲಿ ಹುಡುಕಿದ್ದು ಇಲ್ಲಿತ್ತೆಂದು ಅವರಿಗೆ ಸಮಾಧಾನವಾಯಿತೆಂದರೆ ಸುಳ್ಳಾದೀತು. ಆ ಮುಖ ಹೋಗಿತ್ತು, ಹೋದದ್ದು ಹೋಗಿಯೇ ಇತ್ತು. ಆದರೂ ನೋಡುತ್ತಾ ನಿಂತರು.

"ಪ್ರದರ್ಶನಕ್ಕೆ ಕಳಿಸ್ತೀರಾ?"

"ಮುಖ ಇಲ್ಲದ್ದನ್ನ ಯಾರು ತಗೋತಾರೆ?"

"ಹಾಗಾದ್ರೆ ಒಳಗೆ ಇಡಿ. ಗೋಡೆ ಕಡೆ ಮುಖ ಮಾಡಿ." ನರ್ಸಮ್ಮ ಸೆರಗಿನಿಂದ ಹೆಗಲ ಮೇಲಿನ ಪುಡಿ ಒರೆಸಿದರು. "ನೀವು ಹೆಬ್ಬೆರಳು ಹಾಕಬೇಡಿ. ಅಂಗೈ ಕೊಡಿ, ಸಾಕು."

ಇಬ್ಬರೂ ಸೇರಿ ಎತ್ತಿದರು. ಎತ್ತಿದ ಮೇಲೆ ಗೊತ್ತಾಯಿತು, ಅಂದುಕೊಂಡದ್ದಕ್ಕಿಂತ ಭಾರವಿತ್ತು. ಹೊಸ್ತಿಲ ಬಳಿ ಒಮ್ಮೆ ಕೆಳಗಿಟ್ಟು, ಉಸಿರು ಸುಧಾರಿಸಿಕೊಂಡು, ಮತ್ತೆ ಎತ್ತಿಕೊಂಡರು.