ನಮ್ಮಿಬ್ಬರನ್ನು ಇಬ್ಬರಾಗಿ ಕಂಡವರು

ನಡೆಯುವಾಗ ನಮ್ಮ ಮಿಸ್ಸಿನ ತುಟಿಗಳು ಅಲುಗುತ್ತಿದ್ದವು. ಸದ್ದು ಮಾತ್ರ ಬರುತ್ತಿರಲಿಲ್ಲ. ನೀಲಿ ಅಂಚಿನ ಬಿಳಿ ಹತ್ತಿ ಸೀರೆ, ಎಡಗೈಯಲ್ಲಿ ಕಡ್ಡಿಯೊಂದು ಮುರಿದ ಕರಿ ಕೊಡೆ, ಬಲಗೈಯ ತೋರುಬೆರಳಿನ ಉಗುರಿನಲ್ಲಿ ಸದಾ ಸೀಮೆಸುಣ್ಣ. ಬಸ್ಸಿಳಿದು ಶಾಲೆಯ ಗೇಟು ಸೇರುವವರೆಗೆ, ಜಯನಗರದ ಆ ಹೊಸ ರಸ್ತೆಯಲ್ಲಿ, ಗಡಿಕಲ್ಲು ನೆಟ್ಟು ಬಿಟ್ಟ ಖಾಲಿ ಸೈಟುಗಳ ನಡುವೆ ಅವರು ಹೀಗೆಯೇ ಬರುತ್ತಿದ್ದರು. ಗಣಿತದ ಮಿಸ್ ಆದ್ದರಿಂದ ಮಗ್ಗಿ ಹೇಳಿಕೊಳ್ಳುತ್ತಾರೆ ಎಂದು ಹುಡುಗಿಯರು ನಗುತ್ತಿದ್ದರು. ನಾನೂ ಹಾಗೆಯೇ ನಂಬಿದ್ದೆ. ಒಂದು ಸೋಮವಾರ ಜೊತೆಯಲ್ಲಿ ನಡೆಯುತ್ತಾ ಕೇಳಿಯೇಬಿಟ್ಟೆ.

"ಮಗ್ಗಿ ಅಲ್ಲ ಕಣೆ, ನಿಮ್ಮ ಹೆಸರುಗಳು. ನಲವತ್ತೊಂದು ಜನ ಇದ್ದೀರಲ್ಲ, ಒಬ್ಬೊಬ್ಬರನ್ನೇ ಸ್ವಾಮಿ ಮುಂದೆ ನಿಲ್ಲಿಸ್ತೀನಿ" ಎಂದರು.

ಅವರು ಕ್ರೈಸ್ತರು. ನಮ್ಮ ಕ್ಲಾಸಿನಲ್ಲಿ ಕ್ರೈಸ್ತ ಹುಡುಗಿಯರು ಇಬ್ಬರೇ. ಉಳಿದ ಮೂವತ್ತೊಂಬತ್ತು ಜನರೂ ಅವರ ಪ್ರಾರ್ಥನೆಯಲ್ಲಿ ದಿನಾ ಸೇರುತ್ತಿದ್ದೇವೆ ಎಂದು ನಮಗೆ ಗೊತ್ತೇ ಇರಲಿಲ್ಲ. ನಾನೂ ನನ್ನ ತಂಗಿಯೂ ಅವಳಿಗಳು. ಅವಳು ನನಗಿಂತ ಹನ್ನೊಂದು ನಿಮಿಷ ಚಿಕ್ಕವಳು. ನಮ್ಮಿಬ್ಬರನ್ನು ಅವಳಿ ಎಂದು ಒಂದೇ ಸಲಕ್ಕೆ ಹೇಳಿ ಮುಗಿಸಬಹುದಲ್ಲ ಎಂದೆ.

"ಆಗಲ್ಲ. ಅಲ್ಲಿ ಸಗಟು ವ್ಯಾಪಾರ ಇಲ್ಲ" ಎಂದರು.

ಡೈರಿ ಬರೆಯುವ ಚಾಳಿ ನನಗೆ ಹತ್ತನೆಯ ವರ್ಷದಿಂದ ಇದೆ. ಐವತ್ತೇಳನೆಯ ಇಸವಿಯ ಡೈರಿಯ ಹಿಂದಿನ ಪುಟದಲ್ಲಿ, ಇಡೀ ವರ್ಷ ನನ್ನನ್ನು ತಂಗಿಯ ಹೆಸರಿನಿಂದ ಕರೆದವರ ಪಟ್ಟಿ ಇದೆ. ಅಜ್ಜಿ ನೂರ ಹನ್ನೆರಡು ಸಲ. ಅಪ್ಪ ಅರವತ್ತನಾಲ್ಕು. ಅಮ್ಮ ಕೂಡ ಒಂಬತ್ತು ಸಲ. ಅದರಲ್ಲಿ ನಾಲ್ಕು ಜ್ವರದ ದಿನಗಳಲ್ಲಿ. ಮಿಸ್ ಹೆಸರಿನ ಮುಂದೆ ಸೊನ್ನೆ. ಒಂದೇ ಬಟ್ಟೆ, ಒಂದೇ ಜಡೆ, ಒಂದೇ ರಿಬ್ಬನ್ನಿನ ನಮ್ಮನ್ನು ಅವರು ಹಿಂದಿನಿಂದ ನೋಡಿಯೂ ಸರಿಯಾಗಿ ಕರೆಯುತ್ತಿದ್ದರು.

ಮರುವರ್ಷ ತಂಗಿಗೆ ಟೈಫಾಯಿಡ್ ಬಂತು. ಎರಡು ತಿಂಗಳು ಶಾಲೆ ತಪ್ಪಿ, ಗಣಿತ ಒಂದರಲ್ಲೇ ಫೇಲಾದಳು. ಅಂಥವರಿಗೆ ಜೂನಿನಲ್ಲಿ ಶಾಲೆಯಲ್ಲೇ ಮರುಪರೀಕ್ಷೆ ಇಡುತ್ತಿದ್ದರು. ಅದರಲ್ಲೂ ಫೇಲಾದರೆ ಅವಳನ್ನು ಬಿಡಿಸಿ ಮನೆಯಲ್ಲಿ ಕೂರಿಸುವುದೆಂದು ಅಜ್ಜಿ ಹೇಳಿದ್ದರು, ಅಪ್ಪ ಒಪ್ಪಿದ್ದರು. ನಾನೊಬ್ಬಳೇ ಮುಂದಿನ ಕ್ಲಾಸಿಗೆ ಹೋಗಬೇಕು. ಆ ವಾರವೆಲ್ಲ ತಂಗಿ ಸರಿಯಾಗಿ ಊಟ ಮಾಡಲಿಲ್ಲ.

ಉಪಾಯ ನನ್ನದೇ. ಪರೀಕ್ಷೆಯ ಬುಧವಾರ ಅವಳ ಹಾಲ್ ಟಿಕೆಟ್ ತೆಗೆದುಕೊಂಡು, ಅವಳ ಹಾಗೆ ಸ್ವಲ್ಪ ತಲೆ ತಗ್ಗಿಸಿಕೊಂಡು ನಾನೇ ಹೊರಟೆ. ಗೇಟಿನ ಆಯಾ ನನ್ನನ್ನು ತಂಗಿಯ ಹೆಸರು ಹಿಡಿದು ಕರೆದು, ಮೈ ಹೇಗಿದೆ ಎಂದು ವಿಚಾರಿಸಿದಳು. ಹೆಡ್‌ಮಿಸ್ ಬೆನ್ನು ತಟ್ಟಿ ಧೈರ್ಯ ಹೇಳಿದರು. ಶಾಲೆಯ ಒಂಬತ್ತು ಮೆಟ್ಟಿಲು ಹತ್ತಿ ಕೋಣೆಗೆ ಹೋದರೆ, ಪ್ರಶ್ನೆಪತ್ರಿಕೆ ಹಿಡಿದು ಬಾಗಿಲಲ್ಲೇ ನಿಂತಿದ್ದವರು ನಮ್ಮ ಮಿಸ್.

ಅವರು ಪತ್ರಿಕೆಯನ್ನು ನನ್ನ ಮುಂದಿಡಲಿಲ್ಲ. ಬೇರೆ ಇಬ್ಬರು ಹುಡುಗಿಯರಿಗೆ ಕೊಟ್ಟು, ನನ್ನನ್ನು ಕರೆದುಕೊಂಡು ಹೊರಗಿನ ಕಾರಿಡಾರಿಗೆ ಬಂದರು. ನನ್ನ ಹೆಸರನ್ನೇ ಹಿಡಿದು ಕೇಳಿದರು: "ಅವಳು ನಿನ್ನನ್ನ ಕಳಿಸಿದ್ಲಾ?"

"ಇಲ್ಲ ಮಿಸ್. ನಾನೇ ಬಂದೆ."

"ಕೇಳಿದ್ಯಾ ಅವಳನ್ನ?"

ಕೇಳಿರಲಿಲ್ಲ. ನಾನು ಅತ್ತೆ. ಅವಳು ಫೇಲಾದರೆ ಮನೆಯಲ್ಲಿ ಕೂರಿಸುತ್ತಾರೆಂದು ಹೇಳಿದೆ. ಮಿಸ್ ಬಯ್ಯಲಿಲ್ಲ. ಅವರು ಅಂದು ಹೇಳಿದ್ದನ್ನು ಸಂಜೆ ಅಕ್ಷರ ಬಿಡದೆ ಬರೆದಿಟ್ಟುಕೊಂಡಿದ್ದೇನೆ.

"ನೋಡು, ಅವಳು ಫೇಲಾದ್ರೆ ಫೇಲಾದ ಹುಡುಗಿ ಒಬ್ಬಳು ಇರ್ತಾಳೆ. ಅವಳ ಪರವಾಗಿ ಯೋಚನೆ ಮಾಡಬಹುದು, ಜಗಳ ಆಡಬಹುದು. ನೀನು ಬರೆದು ಪಾಸ್ ಮಾಡಿಸಿದ್ರೆ ಅವಳು ಇಲ್ಲವೇ ಇಲ್ಲ ಅಂತಾಯ್ತು. ದೇವರು ಇಟ್ಟಿರೋ ಒಬ್ಬಳನ್ನ ನೀನು ಅಳಿಸಿಹಾಕ್ತೀಯಾ?"

ಆಮೇಲೆ ಹೆಡ್‌ಮಿಸ್ ಬಳಿ ಹೋಗಿ, ಆ ಹುಡುಗಿ ಇವತ್ತು ಬಂದಿಲ್ಲ, ಬೆಳಗ್ಗೆ ನೀವು ಕಂಡದ್ದು ಅವಳ ಅಕ್ಕನನ್ನು; ಅವಳು ಕಾಯಿಲೆಯಿಂದ ಎದ್ದವಳು, ಒಂದು ವಾರ ಸಮಯ ಕೊಡಿ ಎಂದು ಕೇಳಿದರು. ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಪರೀಕ್ಷೆ ಮುಗಿದ ಮೇಲೆ ನನ್ನ ಜೊತೆ ಮನೆಗೆ ಬಂದರು. ದಾರಿಯಲ್ಲಿ, ನಾನೆಂದು ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಮೆಟ್ಟಿಲು ಎಣಿಸ್ಕೊಂಡು ಹತ್ತಿದೆಯಲ್ಲ. ನಿನ್ನ ತಂಗಿ ಹುಟ್ಟಿದಾಗಿನಿಂದ ಏನನ್ನಾದ್ರೂ ಎಣಿಸಿದ್ದಾಳಾ? ಅದೇ ತಾನೆ ಅವಳ ಕಷ್ಟ."

ಮನೆಯಲ್ಲಿ ತಂಗಿ ಹೂ ಕಟ್ಟುತ್ತಾ ಕೂತಿದ್ದಳು. ಮಿಸ್ಸನ್ನು ಕಂಡು ಎದ್ದು ನಿಂತು, "ನಂಗೆ ಭಿನ್ನರಾಶಿ ಬರಲ್ಲ ಮಿಸ್. ಆದ್ರೂ ನಾನೇ ಬರ್ತಿದ್ದೆ. ಎದ್ದು ನೋಡೋಷ್ಟರಲ್ಲಿ ಇವಳು ಹೊರಟುಬಿಟ್ಟಿದ್ಲು" ಎಂದಳು. ಅವಳಿಗೆ ನನ್ನ ಮೇಲೆ ಕೋಪವಿದೆ ಎಂಬುದು ನನಗೆ ಆಗ ತಿಳಿಯಿತು.

ಏಳು ದಿನ ಮಿಸ್ ನಮ್ಮ ವರಾಂಡಕ್ಕೆ ಬಂದು ಪಾಠ ಹೇಳಿದರು. ಮೊದಲ ದಿನ ಸ್ಲೇಟು ಹಿಡಿದರು, ತಲೆಗೆ ಹತ್ತಲಿಲ್ಲ. ಎರಡನೆಯ ದಿನ ಸ್ಲೇಟು ಬದಿಗಿಟ್ಟು ಅವಳು ಕಟ್ಟಿದ ಕನಕಾಂಬರದ ದಂಡೆಯನ್ನೇ ಕೈಗೆತ್ತಿಕೊಂಡರು. ಅರ್ಧ ಮೊಳ, ಕಾಲು ಮೊಳ, ಅರ್ಧಕ್ಕೆ ಕಾಲು ಸೇರಿದರೆ ಮುಕ್ಕಾಲು. ತಂಗಿ ಅಳೆದಳು, ಕತ್ತರಿಸಿದಳು, ಗಂಟು ಹಾಕಿದಳು. ನಾನು ನಡುವೆ ಬಾಯಿ ಹಾಕಿ ಉತ್ತರ ಹೇಳಿದಾಗ ಮಿಸ್ ನನ್ನನ್ನು ಒಳಗೆ ಕಳಿಸಿದರು. ಇವಳಿಗೆ ಮೊದಲು ಕೈಗೆ ತಿಳಿಯಬೇಕು, ಆಮೇಲೆ ತಲೆಗೆ. ನಿನ್ನ ದಾರಿ ಇವಳದ್ದಲ್ಲ ಎಂದರು.

ಅಜ್ಜಿ ಮಡಿಯವರು. ಮಿಸ್ಸಿಗೆ ಕಾಫಿ ಕೊಡಲು ಬೇರೆ ಲೋಟ ಇಟ್ಟಿದ್ದರು. ಮಿಸ್ ಕುಡಿದು, ನಲ್ಲಿಯಲ್ಲಿ ತೊಳೆದು, ಅದನ್ನು ವರಾಂಡದ ಕಟ್ಟೆಯ ಮೇಲೆ ಬೋರಲು ಹಾಕಿ ಹೋಗುತ್ತಿದ್ದರು. ನನಗೆ ನಾಚಿಕೆಯಾಗಿ ಒಂದು ದಿನ ಕ್ಷಮೆ ಕೇಳಿದೆ. ಲೋಟ ಬೇರೆಯಾದರೂ ಡಿಕಾಕ್ಷನ್ ಒಂದೇ ತಾನೆ, ಚೆನ್ನಾಗಿತ್ತು ಎಂದು ನಕ್ಕರು. ಐದನೆಯ ದಿನ ಅಜ್ಜಿಯೇ ಬಾಗಿಲಲ್ಲಿ ನಿಂತು ಮಾತಿಗೆಳೆದರು.

"ಎಲ್ಲರೂ ಒಂದೇ ಅಂತೀರಂತಲ್ಲ ನೀವುಗಳು. ಎರೆದು ಬೆಳೆಸಿದ ನನಗೇ ಇವರಿಬ್ಬರ ಗುರುತು ಸಿಗಲ್ಲ. ನಿಮಗೆ ಹೇಗೆ ಸಿಗುತ್ತೆ?"

"ಮಾಡಿದ ಕೈ ಒಂದೇ ಅಮ್ಮ, ಅದಕ್ಕೇ ಎಲ್ಲರೂ ಒಂದೇ" ಎಂದರು ಮಿಸ್. "ಆದ್ರೆ ಆ ಕೈಗೆ ಅವಸರ ಇಲ್ಲ. ಒಬ್ಬೊಬ್ಬರನ್ನೂ ಹೊಸದಾಗಿ ಕೂತು ಮಾಡುತ್ತೆ."

ಅಜ್ಜಿ ಒಳಗೆ ಹೋದರು. ಲೋಟ ಬದಲಾಗಲಿಲ್ಲ. ಆದರೆ ಅಂದಿನಿಂದ ನಮ್ಮನ್ನು ಕರೆಯುವ ಮೊದಲು ಕನ್ನಡಕ ಹಾಕಿಕೊಂಡು ಮುಖ ನೋಡತೊಡಗಿದರು.

ತಂಗಿ ತಾನೇ ಹೋಗಿ ಪರೀಕ್ಷೆ ಬರೆದಳು. ಮೂವತ್ತೈದಕ್ಕೆ ಪಾಸು, ಅವಳಿಗೆ ಬಂದದ್ದು ಮೂವತ್ತೆಂಟು. ಆ ವರ್ಷ ನನಗೆ ಗಣಿತದಲ್ಲಿ ತೊಂಬತ್ತಾರು ಬಂದಿತ್ತು. ಮನೆಯಲ್ಲಿ ಎಲ್ಲರಿಗೂ ಹಂಚುವಷ್ಟು ಸಜ್ಜಿಗೆ ಮಾಡಿದ್ದು ಆ ಮೂವತ್ತೆಂಟಕ್ಕೆ.

ಎಸ್ಸೆಸ್ಸೆಲ್ಸಿ ಆದ ಮೇಲೆ ನಮ್ಮ ದಾರಿಗಳು ಬೇರೆಯಾದವು. ನಾನು ಕಚೇರಿಯೊಂದರಲ್ಲಿ ಗುಮಾಸ್ತೆಯಾದೆ, ಅವಳು ನರ್ಸಿಂಗ್ ಕಲಿಯಲು ಹೋದಳು. ಕಳೆದ ವರ್ಷ ಮಿಸ್ ಕಾಯಿಲೆ ಬಿದ್ದು ಸೇರಿದ್ದು ತಂಗಿ ಕೆಲಸ ಕಲಿಯುತ್ತಿದ್ದ ಆಸ್ಪತ್ರೆಯ ವಾರ್ಡಿಗೇ. ಹದಿನಾರು ದಿನ ಅವಳೇ ಅವರ ತಲೆ ಬಾಚಿದಳು, ಮೈ ಒರೆಸಿದಳು, ಗಂಜಿ ಕುಡಿಸಿದಳು. ನಾನು ನೋಡಲು ಹೋದದ್ದು ನಾಲ್ಕು ಸಲ. ಹದಿನೇಳನೆಯ ದಿನ ಬೆಳಗ್ಗೆ ಮಿಸ್ ತೀರಿಕೊಂಡರು. ಆಗ ಪಕ್ಕದಲ್ಲಿ ಇದ್ದವಳು ತಂಗಿ ಒಬ್ಬಳೇ.

ಸಮಾಧಿಯ ಬಳಿ ನಮ್ಮಂಥ ಹಳೆಯ ವಿದ್ಯಾರ್ಥಿನಿಯರು ಬಹಳ ಜನ ಸೇರಿದ್ದರು. ಮಾತಾಡಿಸಿದರೆ ಪ್ರತಿಯೊಬ್ಬಳೂ, ಮಿಸ್ಸಿಗೆ ತನ್ನನ್ನು ಕಂಡರೆ ಒಂದು ತೂಕ ಹೆಚ್ಚು ಪ್ರೀತಿ ಇತ್ತು ಎಂದಳು. ಒಂಬತ್ತು ಜನರವರೆಗೆ ಎಣಿಸಿ ಬಿಟ್ಟುಬಿಟ್ಟೆ.

ವಾಪಸು ಬರುವಾಗ ಬಸ್ಸಿನಲ್ಲಿ ತಂಗಿಯನ್ನು ಕೇಳಿದೆ: ಕೊನೆಯಲ್ಲಿ ಮಿಸ್ ಏನಾದರೂ ಹೇಳಿದರಾ? ಬರೆದಿಟ್ಟುಕೊಳ್ಳಬೇಕಿತ್ತು.

"ಹೇಳಿದ್ರು. ಆದ್ರೆ ಅದು ನಂಗೆ ಹೇಳಿದ್ದು ಕಣೆ" ಎಂದಳು.

ಡೈರಿಯ ಆ ದಿನದ ಪುಟದಲ್ಲಿ ತಾರೀಖು ಬರೆದು, ಅವರು ತೀರಿಕೊಂಡ ಹೊತ್ತು ಬರೆದು, ಉಳಿದ ಭಾಗವನ್ನು ಖಾಲಿ ಬಿಟ್ಟಿದ್ದೇನೆ.